ಆಡಲು ಅವಕಾಶವಿಲ್ಲದ ಆಟಕ್ಕೆ ಗುರುವಾದವರು

ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿಕೊಂಡಿದ್ದ ನನಗೆ ಆಟೋಟಗಳ ಪರಿಚಯ ಅಷ್ಟಕ್ಕಷ್ಟೆ. ಆದರೂ ಸಂಜೆಯ ಹೊತ್ತು ಶಾಲೆಯ ಮೈದಾನದಲ್ಲಿ ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡುವುದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಆ ಆಟವನ್ನು ರೂಪಿಸಿದವರೂ ಒಬ್ಬ ಮೇಷ್ಟರೇ ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರದ ಓದಿನಲ್ಲಿ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಹುಡುಕುತ್ತ, ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿದರು. ಆಟ ಹುಟ್ಟಿದ್ದು ಹೀಗೆ. ಇಂದು ನಾನು ಬರೆಯಹೊರಟಿರುವುದು ಆ ಗುರುವಿನ ಶಿಷ್ಯರೊಬ್ಬರನ್ನು ಕುರಿತು. ಅವರ ಹೆಸರು ಜಾನ್ ಮೆಕ್‌ಲೆಂಡನ್.

1915ರಲ್ಲಿ ಕಾನ್ಸಾಸ್ ರಾಜ್ಯದ ಹಯವಾಥಾದಲ್ಲಿ ಹುಟ್ಟಿದ ಮೆಕ್‌ಲೆಂಡನ್ ವ್ಯಾಯಾಮ ಶಿಕ್ಷಣವನ್ನು ಕಲಿಯಲೆಂದು ಕಾನ್ಸಾಸ್ ವಿಶ್ವವಿದ್ಯಾಲಯವನ್ನು ಸೇರಿದರು. ವೃದ್ಧ ನೈಸ್ಮಿತ್ ಆಗ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಆಟದ ಮೂಲಪುರುಷನ ಬಳಿಯಲ್ಲೇ ಪಾಠ ಕೇಳುವ ಭಾಗ್ಯ ಈ ತರುಣನಿಗೆ ದೊರೆಯಿತು. ಆದರೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಹಕ್ಕು ದೊರೆಯಲಿಲ್ಲ. ಆ ತಂಡ ಬಿಳಿಯರಿಗೆ ಮಾತ್ರ ಮೀಸಲಾಗಿತ್ತು, ಮೆಕ್‌ಲೆಂಡನ್ ಕಪ್ಪು ವರ್ಣದವರು. ಅಂಗಳಕ್ಕೆ ಇಳಿಯಗೊಡದಿದ್ದಾಗ ಅವರು ಅಂಗಳದ ಅಂಚಿನಲ್ಲಿ ನಿಂತು ಕಲಿತರು. 1936ರಲ್ಲಿ ಪದವಿ ಪಡೆದು, ಕಲಿಸುವುದನ್ನೇ ಬಾಳಿನ ವೃತ್ತಿಯಾಗಿಸಿಕೊಂಡರು.

ಉತ್ತರ ಕ್ಯಾರೊಲಿನಾ ರಾಜ್ಯದ ಡರ್ಹಮ್ ನಗರದಲ್ಲಿದ್ದ ಕಪ್ಪು ಜನರ ಕಾಲೇಜೊಂದರಲ್ಲಿ ಅವರು 1940ರಲ್ಲಿ ಮುಖ್ಯ ತರಬೇತುದಾರರಾದರು. ಚೆಂಡು ಎದುರಾಳಿಯ ಕೈಗೆ ಹೋದೊಡನೆ ಹಿಂದಕ್ಕೆ ಓಡಿ ಬುಟ್ಟಿಯನ್ನು ಕಾಯುವುದಲ್ಲ, ಚೆಂಡು ಎಲ್ಲಿದೆಯೋ ಅಲ್ಲಿಯೇ ಎದುರಾಳಿಯನ್ನು ಅಡ್ಡಗಟ್ಟಬೇಕು. ಚೆಂಡು ನಮ್ಮ ಕೈಗೆ ಬಂದ ಕೂಡಲೇ ಮುನ್ನುಗ್ಗಬೇಕು. ಇದು ಅವರ ಪಾಠದ ತಿರುಳು. ಈ ವೇಗವನ್ನು ಪಂದ್ಯದುದ್ದಕ್ಕೂ ಕಾಯ್ದುಕೊಳ್ಳಲು ದೇಹ ಹುರಿಗೊಂಡಿರಬೇಕಾದ್ದರಿಂದ ಶಿಷ್ಯರನ್ನು ಅವರು ದಣಿವರಿಯದೆ ಓಡಿಸುತ್ತಿದ್ದರು.

ಆ ಪಾಠದ ಪರೀಕ್ಷೆ ನಡೆದದ್ದು 1944ರ ಮಾರ್ಚ್ 12ರಂದು. ಅದೇ ನಗರದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಬಿಳಿಯರ ತಂಡವನ್ನು ಮೆಕ್‌ಲೆಂಡನ್ ತಮ್ಮ ಕಾಲೇಜಿಗೆ ಆಹ್ವಾನಿಸಿದರು. ಎರಡು ವರ್ಣದವರು ಒಂದೇ ಅಂಗಳದಲ್ಲಿ ಆಡುವುದು ಅಲ್ಲಿ ಕಾನೂನಿಗೂ ಸಮಾಜಕ್ಕೂ ಸಲ್ಲದ ಕಾರ್ಯವಾಗಿತ್ತು. ಅದೇ ವರ್ಷ ಜುಲೈ ತಿಂಗಳಲ್ಲಿ, ಬಸ್ಸಿನಲ್ಲಿ ಹಿಂದಕ್ಕೆ ಸರಿದು ಕೂರುವ ವಿಚಾರವಾಗಿ ಎದ್ದ ಮಾತಿನ ಕೊನೆಗೆ, ಡರ್ಹಮ್‌ನ ಬಿಳಿಯ ಚಾಲಕನೊಬ್ಬ ಕಪ್ಪು ಸೈನಿಕನೊಬ್ಬನನ್ನು ಗುಂಡಿಕ್ಕಿ ಕೊಂದ. ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಇದನ್ನು ನೆನೆದರೆ ಈ ಪಂದ್ಯಕ್ಕೆ ಒಡ್ಡಿದ ಪಣ ಏನೆಂಬುದು ಅರಿವಾದೀತು. ಭಾನುವಾರ ಬೆಳಗಿನಲ್ಲಿ ಊರವರೆಲ್ಲ ಚರ್ಚಿನಲ್ಲಿದ್ದ ಸಮಯ ನೋಡಿ, ಕದಗಳಿಗೆ ಬೀಗ ಹಾಕಿ, ಪ್ರೇಕ್ಷಕರಿಲ್ಲದೆ ಆಟ ನಡೆಯಿತು. ಮೆಕ್‌ಲೆಂಡನ್ ಅವರ ಹುಡುಗರು 88–44ರಿಂದ ಗೆದ್ದರು. ಅನಂತರ ಎರಡೂ ತಂಡದವರು ಬೆರೆತು, ಹೊಸದಾಗಿ ಎರಡು ಪಾಳಿಗಳಾಗಿ ಇನ್ನೊಂದು ಆಟ ಆಡಿದರು. ಸ್ಕಾಟ್ ಎಲ್ಸ್‌ವರ್ತ್ ಎಂಬ ಇತಿಹಾಸಕಾರರು 1996ರಲ್ಲಿ ಬರೆಯುವವರೆಗೆ ಹೊರಜಗತ್ತು ಇದನ್ನು ಅರಿಯಲಿಲ್ಲ.

ಮುಂದೆ ಟೆನೆಸಿಯ ಕಪ್ಪು ಜನರ ಕಾಲೇಜಿಗೆ ಅವರು 1957, 1958 ಮತ್ತು 1959ರಲ್ಲಿ, ಸತತ ಮೂರು ಬಾರಿ, ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದುಕೊಟ್ಟರು. ಆ ಪಂದ್ಯಾವಳಿಯಲ್ಲಿ ಕಪ್ಪು ಜನರ ಕಾಲೇಜುಗಳಿಗೆ ಮೊದಲು ಪ್ರವೇಶವೇ ಇರಲಿಲ್ಲ. ಪ್ರವೇಶಕ್ಕಾಗಿ ಶ್ರಮಿಸಿದವರಲ್ಲಿ ಮೆಕ್‌ಲೆಂಡನ್ ಪ್ರಮುಖರು.

ಇಷ್ಟಾದ ಮೇಲೆ ವೃತ್ತಿಪರ ಆಟದ ಕದವೂ ತೆರೆಯಿತು. 1961ರಲ್ಲಿ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್ ಎಂಬ ಹೊಸ ಸಂಸ್ಥೆ ಆರಂಭವಾದಾಗ ಕ್ಲೀವ್‌ಲೆಂಡ್ ಪೈಪರ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದವರು ಅವರೇ. ವೃತ್ತಿಪರ ಲೀಗಿನಲ್ಲಿ ಕಪ್ಪು ವರ್ಣದವರೊಬ್ಬರು ಆ ಪೀಠದಲ್ಲಿ ಕುಳಿತದ್ದು ಅಪೂರ್ವ ಸಂಗತಿ. ಆದರೆ ಆ ಪೀಠ ಬಹುಕಾಲ ಉಳಿಯಲಿಲ್ಲ. ಆಟಗಾರರ ಸಂಬಳದ ವಿಷಯದಲ್ಲಿ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಅವರೊಡನೆ ವಿರಸ ಬೆಳೆದು, 1962ರ ಜನವರಿಯಲ್ಲಿ, ಋತುವಿನ ನಡುವೆಯೇ ಅವರು ರಾಜೀನಾಮೆ ಇತ್ತರು. ಆ ತಂಡ ಆ ವರ್ಷದ ಪ್ರಶಸ್ತಿಯನ್ನು ಗೆದ್ದಾಗ ತರಬೇತುದಾರರ ಸ್ಥಾನದಲ್ಲಿದ್ದವರು ಬಿಲ್ ಶರ್ಮನ್. ಇನ್ನೊಂದು ಅವಕಾಶ ಬಂದದ್ದು 1969ರಲ್ಲಿ, ಡೆನ್ವರ್ ರಾಕೆಟ್ಸ್ ತಂಡದಲ್ಲಿ. ಆಡಿದ 28 ಪಂದ್ಯಗಳಲ್ಲಿ ಗೆಲುವು ಕೇವಲ 9, ಅವರನ್ನು ಕೈಬಿಟ್ಟರು.

ಬಿಲ್ ರಸೆಲ್ 1966ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಹೊಣೆ ಹೊತ್ತು ಎನ್.ಬಿ.ಎ.ಯ ಮೊದಲ ಕಪ್ಪು ವರ್ಣದ ಮುಖ್ಯ ತರಬೇತುದಾರರೆನಿಸಿದರು. ಆ ಕೀರ್ತಿ ಅವರಿಗೆ ಸಲ್ಲತಕ್ಕದ್ದೇ. ಆದರೆ ಐದು ವರ್ಷ ಮೊದಲೇ ಚಿಕ್ಕ ಲೀಗೊಂದರಲ್ಲಿ ಆ ಹಾದಿ ತುಳಿದವರನ್ನು ಲೋಕ ಬೇಗ ಮರೆಯಿತು. 1979ರಲ್ಲಿ ಬ್ಯಾಸ್ಕೆಟ್‌ಬಾಲಿನ ಕೀರ್ತಿಮಂದಿರಕ್ಕೆ ಮೆಕ್‌ಲೆಂಡನ್ ಅವರನ್ನು ಸೇರಿಸಿಕೊಂಡರೂ ಅದು 'ಆಟಕ್ಕೆ ಕೊಡುಗೆ ನೀಡಿದವರು' ಎಂಬ ವರ್ಗದಲ್ಲಿ. 'ತರಬೇತುದಾರ' ಎಂಬ ವರ್ಗದಲ್ಲಿ ಅವರಿಗೆ ಗೌರವ ಸಂದದ್ದು 2016ರಲ್ಲಿ. 1999ರಲ್ಲಿ ಕಣ್ಮುಚ್ಚಿದ್ದ ಅವರು ಅದನ್ನು ಕಾಣಲಿಲ್ಲ.

ವೃತ್ತಿಪರ ಆಟದ ಅಂಕಿಅಂಶಗಳನ್ನಷ್ಟೇ ಮುಂದಿಟ್ಟುಕೊಂಡರೆ ಇದೊಂದು ಅಲ್ಪ ಕಾಲದ, ಸೋಲಿನಲ್ಲಿ ಮುಗಿದ ಕಥೆ. ಆದರೆ ಮೇಷ್ಟರ ಬಾಳನ್ನು ಅವರು ಕುಳಿತ ಕುರ್ಚಿಯಿಂದ ಅಳೆಯಬಾರದು. ನನ್ನ ಸೇವಾವಧಿಯಲ್ಲಿ ಮುಖ್ಯೋಪಾಧ್ಯಾಯರಾಗದೆಯೇ ನಿವೃತ್ತರಾದ, ಆದರೆ ಶಾಲೆಯ ಕಲಿಕೆಯನ್ನೆಲ್ಲ ತಮ್ಮ ಹೆಗಲ ಮೇಲೆ ಹೊತ್ತಿದ್ದ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಮೆಕ್‌ಲೆಂಡನ್ ಅವರ ಕಥೆ ಓದಿದಾಗ ನನಗೆ ನೆನಪಾದವರು ಅವರು. ತಾನು ಆಡಲಾಗದ ಆಟವನ್ನು ಇತರರಿಗೆ ಕಲಿಸಿ, ಬೀಗ ಹಾಕಿದ ಅಂಗಳದಲ್ಲಿ ಎರಡು ವರ್ಣದವರನ್ನು ಕೂಡಿಸಿ ಆಡಿಸಿದವರು, ನೈಸ್ಮಿತ್ ಅವರ ಶಿಷ್ಯರಲ್ಲಿ ಗುರುವಿಗೆ ತಕ್ಕವರೆಂದೇ ನನ್ನ ಎಣಿಕೆ.