ನೀರಿನ ಅಡಿಯ ಅಂಗಿಗೆ ಅಳತೆ ತೆಗದ ಕತೆ

ರವಕೆ ಹೊಲಿವಗ ಅಳತೆ ಅರ್ಧ ಇಂಚು ತಪ್ಪಿರೆ ಎಂತಾವ್ತು? ಕಂಕುಳಿನ ಹತ್ರೆ ಬಿಗಿತ್ತು, ಇಲ್ಲದ್ರೆ ಹೆಗಲಿಂದ ಜಾರ್ತು. ಹೊಲಿಗೆ ಬಿಡುಸಿ ಇನ್ನೊಂದರಿ ಹಾಕಿರೆ ಆತು. ಆದರೆ ಅಳತೆ ತಪ್ಪಿರೆ ಜೀವಕ್ಕೇ ಕುತ್ತು ತಪ್ಪ ಅಂಗಿಯೂ ಒಂದು ಇದ್ದು. ಅದಕ್ಕೆ ಡ್ರೈಸೂಟ್ ಹೇಳಿ ಹೆಸರು. ತಣ್ಣಂಗಿಪ್ಪ ಸಮುದ್ರದ ಅಡಿಯಂಗೆ ಇಳಿವವು, ಮೈಗೆ ಒಂದು ಹನಿ ನೀರೂ ತಾಗದ್ದ ಹಾಂಗೆ ಹಾಕಿಗೊಂಬ ಉಡುಪು ಅದು.

ನಮ್ಮ ಕರಾವಳಿಲಿ ಅದರ ಅಗತ್ಯ ಇಲ್ಲೆ. ಮುರ್ಡೇಶ್ವರದ ಹತ್ರೆ ನೇತ್ರಾಣಿ ದ್ವೀಪಲ್ಲಿ ಸ್ಕೂಬಾ ಮಾಡ್ತವು. ಅಲ್ಲಿ ನೀರು ಬೆಶಿ, ಸಪೂರದ ವೆಟ್‌ಸೂಟ್ ಸಾಕು. ಸ್ವೀಡನ್, ನಾರ್ವೆ, ಐಸ್‌ಲ್ಯಾಂಡ್ ಹೇಳಿರೆ ಸಂಗತಿ ಬೇರೆ. ಐಸ್‌ಲ್ಯಾಂಡಿನ ಸಿಲ್ಫ್ರಾ ಹೇಳ್ತ ಬಿರುಕಿಲಿ ನೀರು ಇಡೀ ವರ್ಷ 2ರಿಂದ 4 ಡಿಗ್ರಿ. ಗಾಳಿಂದ ಸುಮಾರು 25 ಪಾಲು ಬೇಗ ನೀರು ಮೈಯ ಬೆಶಿಯ ಎಳತ್ತು. ವೆಟ್‌ಸೂಟಿಲಿ ಮೈ ಚೆಂಡಿ ಆವ್ತು. ಡ್ರೈಸೂಟಿಲಿ ಮೈಗೂ ನೀರಿಂಗೂ ಮಧ್ಯಲ್ಲಿ ಗಾಳಿ ಇರ್ತು. ಆ ಗಾಳಿಯೇ ಕಂಬಳಿ. ಅಪಾಯ ಬಪ್ಪದೂ ಅದರಿಂದಲೇ. ಸುಮಾರು ಇನ್ನೂರು ವರ್ಷಂದ ಈ ಅಂಗಿ ಮಾಡುವವರ ಚಿಂತೆ ಒಂದೇ: ಗಾಳಿ ಎಷ್ಟಿರೆಕ್ಕು, ಎಲ್ಲಿರೆಕ್ಕು?

ಎನಗೆ ಈ ಕತೆಲಿ ಆಸಕ್ತಿ ಹುಟ್ಟಿದ್ದು ಅಣ್ಣನ ಮಗಳಿಂದಾಗಿ. ಕೂಸು ಸ್ವೀಡನಿಲಿ ಕೆಲಸಲ್ಲಿಪ್ಪದು, ರಜೆ ಸಿಕ್ಕಿರೆ ಸಮುದ್ರಕ್ಕೆ ಇಳಿವದು. ಐದಡಿ ಎತ್ತರದ ಕೂಸಿಂಗೆ ಅಲ್ಯಾಣ ತಯಾರು ಸೂಟು ಏವದೂ ಸರೀ ಕೂರ್ತಿಲ್ಲೆ. “ಅತ್ತೆ, ಮೈಯಳತೆ ಕೊಟ್ಟು ಹೊಲಿಶಿರೆ ಪೈಸೆ ಸುಮಾರು ಜಾಸ್ತಿ. ಅಷ್ಟು ಕೊಡುವಷ್ಟು ಎಂತ ಇದ್ದು ಅದರಲ್ಲಿ?” ಹೇಳಿ ಫೋನಿಲಿ ಕೇಳಿತ್ತು. ನಲುವತ್ತು ವರ್ಷ ಹೊಲಿಗೆ ಮಿಶನಿನ ಎದುರು ಕೂದ ಜೆನ ಆನು. ಉತ್ತರ ಹುಡ್ಕಿಂಡು ಹೋದಪ್ಪಗ ಚರಿತ್ರೆಯೇ ಸಿಕ್ಕಿತ್ತು.

ಫಿನ್‌ಲ್ಯಾಂಡಿನ ರಾಹೆ ಹೇಳ್ತ ಊರಿನ ಮ್ಯೂಸಿಯಮಿಲಿ 18ನೇ ಶತಮಾನದ ಒಂದು ಮುಳುಗುವ ಅಂಗಿಯ ಮಡಗಿದ್ದವು. ‘ವಾನ್ಹಾ ಹೆರ್ರಾ’, ಹೇಳಿರೆ ‘ಹಳೇ ಯಜಮಾನ’ ಹೇಳಿ ಅದರ ಹೆಸರು. ಪೂರಾ ಕಂಜಿಯ ಚರ್ಮ. ಹೊಲಿಗೆಯ ಸಂದಿಲಿ ನೀರು ಬಾರದ್ದ ಹಾಂಗೆ ಡಾಮರು, ಕುರಿಯ ಕೊಬ್ಬು ಎಲ್ಲ ಸೇರ್ಸಿ ಉದ್ದುವ ಕ್ರಮ. ಅದೇ ನಮುನೆಯ ಇನ್ನೊಂದು ಅಂಗಿ ಮಾಡಿ, ಈ ಕಾಲಲ್ಲಿ ನೀರಿಂಗೆ ಇಳುದೂ ನೋಡಿದ್ದವು. ಆಳಕ್ಕೆ ಹೋಪಲೆ ಎಡಿಯದ್ದರೂ ಹಡಗಿನ ಅಡಿಯ ನೋಡಿಕ್ಕಿ ಬಪ್ಪಲೆ ಅಕ್ಕು.

1823ರಲ್ಲಿ ಬ್ರಿಟನಿಲಿ ಎರಡು ಪೇಟೆಂಟ್ ಆತು. ಒಂದು, ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತೋಷಿಂದು: ರಬ್ಬರಿನ ನ್ಯಾಫ್ತಾಲ್ಲಿ ಕರಗುಸಿ ಎರಡು ಬಟ್ಟೆಯ ಮಧ್ಯಲ್ಲಿ ಉದ್ದಿರೆ ನೀರು ನುಗ್ಗದ್ದ ಬಟ್ಟೆ ಆವ್ತು ಹೇಳಿ. ಮಳೆಗಾಲದ ಕೋಟು ಹುಟ್ಟಿದ್ದು ಹಾಂಗೆ. ಇನ್ನೊಂದು, ಚಾರ್ಲ್ಸ್ ಡೀನ್ ಹೇಳ್ತವರದ್ದು: ಹೊಗೆ ತುಂಬಿದ ಮನೆಗೆ ನುಗ್ಗುಲೆ ಒಂದು ತಲೆಗವಚ, ಅದಕ್ಕೆ ಕೊಳವೆಲಿ ಗಾಳಿ. ಕೆಲವು ವರ್ಷ ಕಳುದು ಚಾರ್ಲ್ಸೂ ತಮ್ಮ ಜಾನೂ ಅದರ ನೀರಿಂಗೆ ಇಳಿವಲೆ ಬಳಸಿದವು. ಆದರೆ ಆ ಅಂಗಿ ಸೊಂಟದ ಹತ್ರಂಗೆ ಮಾಂತ್ರ, ಕೆಳಾಣ ಬಾಯಿ ಮುಚ್ಚಿಂಡಿತ್ತಿಲ್ಲೆ. ನೆಟ್ಟಗೆ ನಿಂದರೆ ಗಾಳಿ ಒಳ ನಿಲ್ಲುಗು. ಕಾಲು ಜಾರಿ ಬಿದ್ದರೆ ನೀರು ತಲೆಗವಚಕ್ಕೇ ನುಗ್ಗುಗು.

ಅದರ ಪೂರಾ ಮುಚ್ಚಿ, ತಾಮ್ರದ ತಲೆಗವಚಕ್ಕೆ ಬಟ್ಟೆಯ ಜೋಡುಸಿದ್ದು ಲಂಡನಿಲಿ ನೆಲೆಸಿದ ಜರ್ಮನ್ ಕಸುಬುಗಾರ ಅಗಸ್ಟಸ್ ಸೀಬ್, 1830ರ ದಶಕದ ಅಖೇರಿಗೆ. 1782ರಲ್ಲಿ ಸ್ಪಿಟ್‌ಹೆಡಿಲಿ ಮುಳುಗಿದ ‘ರಾಯಲ್ ಜಾರ್ಜ್’ ಯುದ್ಧನೌಕೆಯ ಅವಶೇಷ ತೆಗವ ಕೆಲಸವ ಕರ್ನಲ್ ಚಾರ್ಲ್ಸ್ ಪ್ಯಾಸ್ಲಿ 1839ರಲ್ಲಿ ಸುರುಮಾಡಿದವು. ಆ ಕೆಲಸಲ್ಲಿ ಸೀಬ್‌ನ ಮುಚ್ಚಿದ ಅಂಗಿಯೇ ಮೇಲು ಹೇಳಿ ಗಟ್ಟಿ ಆತು. ಬಟ್ಟೆ ಅದೇ ಮ್ಯಾಕಿಂತೋಷಿನ ಜಾತಿದು: ಎರಡು ಪದರ ದಪ್ಪ ಬಟ್ಟೆ, ಮಧ್ಯಲ್ಲಿ ರಬ್ಬರು. ಒಳ ಒಂದರ ಮೇಗೆ ಒಂದು ಉಣ್ಣೆಯ ಅಂಗಿ. ಮುಂಗೈಯ ರಬ್ಬರ್ ಪಟ್ಟಿ ಭಾರೀ ಬಿಗಿ. ಸಾಬೂನಿನ ನೀರು ಹಾಕಿ ಕೈ ನುರ್ಗುಸೆಕ್ಕು. ಬಳೆಗಾರ° ಬಳೆ ಇಡ್ಸಿದ ಹಾಂಗೆ.

ನೀರು ಬಪ್ಪದು ನಿಂದತ್ತು. ಅಷ್ಟಪ್ಪಗ ಒಳಾಣ ಗಾಳಿಯ ಉಪದ್ರ ಸುರು ಆತು. 10 ಮೀಟರ್ ಇಳುದಪ್ಪಗ ಒತ್ತಡ ಮೇಗಾಣದ್ದರ ಎರಡು ಪಾಲಾವ್ತು, ಒಳಾಣ ಗಾಳಿ ಅರ್ಧಕ್ಕೆ ಕುಗ್ಗುತ್ತು. ಗಾಳಿ ಸಾಲದ್ರೆ ಬಟ್ಟೆಯ ಮಡಿಕೆ ಮೈಯ ಚೂಂಟಿ ಕೆಂಪು ಗೆರೆ ಬೀಳ್ತು. ಗಾಳಿ ಹೆಚ್ಚಾಗಿ ಕಾಲಿನ ಹೊಡೆಂಗೆ ಹೋದರೆ ಇನ್ನೂ ಕಷ್ಟ: ಕಾಲು ಮೇಗೆ, ತಲೆ ಕೆಳ ಆಗಿ ಮನುಷ್ಯ° ಪುಗ್ಗೆಯ ಹಾಂಗೆ ಮೇಗಂಗೆ ಹಾರ್ತ°. ಮೇಗೆ ಬಪ್ಪಗ ಗಾಳಿ ಹಿಗ್ಗುತ್ತು, ಹಿಗ್ಗಿದಷ್ಟೂ ವೇಗ. ಉಸುಲು ಕಟ್ಟಿರೆ ಶ್ವಾಸಕೋಶವೇ ಹರಿಗು. ಹಾಂಗಾಗಿ ಮತ್ತಾಣ ಸೂಟುಗಳಲ್ಲಿ ಕಾಲಿನ ಹಿಂದೆ ಲಾಡಿ ಕಟ್ಟಿ ಬಿಗುದವು. ಕಾಲಿಂಗೆ ಗಾಳಿ ಹೋಪಲಾಗ ಹೇಳುವ ಲೆಕ್ಕ. ಹೊಲಿಗೆ ಗೊಂತಿಪ್ಪವಕ್ಕೆ ಇದು ಕೂಡ್ಳೆ ಅರ್ಥ ಅಕ್ಕು: ಮೈಗೆ ತಕ್ಕ ಅಳತೆ ಹೇಳಿ ಸುರು ಆದ್ದು ಆ ಲಾಡಿಂದ.

ಆ ಭಾರದ ಉಡುಪು ನೂರು ವರ್ಷಂದ ಹೆಚ್ಚು ನಡದತ್ತು. ಸೀಸ, ಬೂಟು ಎಲ್ಲ ಸೇರಿ ಸುಮಾರು 80 ಕಿಲೋ. ಸ್ಟಾಕ್‌ಹೋಮಿಲಿ ‘ವಾಸಾ’ ಹಡಗಿನ ತೆಗದ್ದೂ ಅಂತಾ ಉಡುಪು ಹಾಕಿದವೇ. 1628ರ ಮೊದಲ ಪಯಣಲ್ಲೇ ಮುಳುಗಿದ ಆ ಹಡಗು, 1956ರಲ್ಲಿ ಆಂಡೆರ್ಸ್ ಫ್ರಾಂಜೆನ್ ಹೇಳ್ತವಕ್ಕೆ ಸಿಕ್ಕಿತ್ತು. ಸುಮಾರು 32 ಮೀಟರ್ ಅಡಿಲಿ, ಕೈ ಕಾಣದ್ದ ಕಸ್ತಲೆಲಿ, ನೌಕಾಪಡೆಯವು ಹಡಗಿನ ಅಡಿಯಂಗೆ ಆರು ಸುರಂಗ ಕೊರದವು. 1961ರ ಏಪ್ರಿಲ್ 24ಕ್ಕೆ ಹಡಗು ಮೇಗೆ ಬಂತು. ಕೆಸರಿನ ಸುರಂಗಲ್ಲಿ ಕವುಂಚಿ ಹೊಟ್ಟೆಲಿ ಹರವಗ ಗಾಳಿ ಎತ್ಲಾಗಿ ಹೋವ್ತು ಹೇಳಿ ಅವಕ್ಕೆ ಪ್ರತಿ ಗಳಿಗೆಯೂ ನೆಂಪಿರೆಕ್ಕಾತು.

ಎರಡನೇ ಮಹಾಯುದ್ಧಲ್ಲಿ ಕಬ್ಬಿಣದ ಬೂಟಿಲಿ ನೆಡವವು ಅಲ್ಲ, ಈಜುವವು ಬೇಕಾತು. ಬ್ರಿಟಿಷರ ‘ಸ್ಲೇಡನ್ ಸೂಟ್’ ತೆಳೂ ರಬ್ಬರು ಬಟ್ಟೆದು. ಹೊಟ್ಟೆಯ ಹತ್ರೆ ಒಂದು ಕೊಳವೆಯ ಹಾಂಗಿಪ್ಪ ಬಾಯಿ. ಅದರಲ್ಲಿ ಒಳ ಹೊಕ್ಕು, ಬಾಯಿಯ ಮಡುಸಿ ಕ್ಲಿಪ್ ಹಾಕೆಕ್ಕು. ಹಾಕಿದವು ಅದಕ್ಕೆ ಮಡಗಿದ ಅಡ್ಡಹೆಸರು ‘ಕ್ಲ್ಯಾಮಿ ಡೆತ್’, ಹೇಳಿರೆ ಹಸಿಹಸಿ ಅಂಟುವ ಸಾವು! ಒಂದು ಅಂಗಿಯ ಬಗ್ಗೆ ಇದರಿಂದ ದೊಡ್ಡ ದೂರು ಎನ್ನ ಗಿರಾಕಿಗಳೂ ಹೇಳಿದ್ದವಿಲ್ಲೆ.

ಈಗಾಣ ಡ್ರೈಸೂಟಿನ ರೂಪ ಬಂದದು 1970ರ ಸುಮಾರಿಂಗೆ, ಸ್ವೀಡನಿನ ಪೊಸೈಡನ್ ಕಂಪೆನಿಯ ‘ಯುನಿಸೂಟ್’ ಹೇಳುದರಿಂದ. ನಿಯೋಪ್ರೀನ್ ರಬ್ಬರಿನ ಇಡೀ ಅಂಗಿ, ನೀರು ನುಗ್ಗದ್ದ ಜಿಪ್ಪು, ಎದೆಲಿ ಗಾಳಿ ತುಂಬ್ಸುಲೆ ಒಂದು ವಾಲ್ವು. ಇಳಿವಗ ಗುಬ್ಬಿ ಒತ್ತಿ ರಜ್ಜ ಗಾಳಿ ಬಿಡೆಕ್ಕು, ಹತ್ತುವಗ ಹೆರ ಹಾಕೆಕ್ಕು. ಗಾಳಿಯ ಲಗಾಮು ಮುಳುಗುವವರ ಕೈಗೇ ಬಂತು.

ನಿಯೋಪ್ರೀನ್ ನೊರೆಯ ಹಾಂಗಿಪ್ಪದು, ರಜ್ಜ ಎಳದರೆ ಬತ್ತು. ಆದರೆ ಆಳಲ್ಲಿ ಚಪ್ಪಟೆ ಆವ್ತು, ಬೆಶಿಯೂ ಕಮ್ಮಿ ಆವ್ತು. ಹಾಂಗಾಗಿ ಇನ್ನೊಂದು ಜಾತಿ ಬಂತು, ಟ್ರೈಲ್ಯಾಮಿನೇಟ್: ಎರಡು ಪದರ ಬಟ್ಟೆ, ಮಧ್ಯಲ್ಲಿ ಬ್ಯುಟೈಲ್ ರಬ್ಬರು. ನೋಡಿ, ಪುನಾ ಮ್ಯಾಕಿಂತೋಷಿನ ಉಪಾಯವೇ! ಇದು ಹಗುರ, ಬೇಗ ಒಣಗುತ್ತು. ಆದರೆ ಎಳದರೆ ಬತ್ತಿಲ್ಲೆ. ಬೆಶಿ ಕೊಡುದು ಒಳಾಣ ದಪ್ಪ ಉಡುಪು ಮಾಂತ್ರ. ಎಳವಲೆ ಬಾರದ್ದ ಬಟ್ಟೆಲಿ ಕತ್ತರಿ ಹಾಕುದರಲ್ಲೇ ಎಲ್ಲವೂ ಇಪ್ಪದು. ಅಳತೆ ಕೊಟ್ಟು ಹೊಲಿಶುದಕ್ಕೆ ಬೆಲೆ ಬಂದದು ಇಲ್ಲಿ.

ಅಂಗಡಿಯ ಸೂಟುಗೊ ಸುಮಾರು ಕಾಲ ಗೆಂಡುಮಕ್ಕಳ ಮೈಗೇ ಹೊಲುದವು. ಎದೆ, ಸೊಂಟ ಸರಿ ನೋಡಿ ತೆಕ್ಕೊಂಡರೆ ಹೆಮ್ಮಕ್ಕೊಗೆ ಕಾಲು ಉದ್ದ, ಬೂಟು ದೊಡ್ಡ. ಎಂಗಳ ಕೂಸಿಂಗೆ ಆದ್ದೂ ಅದೇ. ಒಂದು ಅಂಗಡಿಂದ ಬಾಡಿಗೆಗೆ ತೆಕ್ಕೊಂಡ ಸೂಟಿಲಿ ಆರು ಮೀಟರ್ ಅಡಿಲಿ ಬಗ್ಗಿ ಎಂತದೋ ನೋಡುವಗ ಗಾಳಿ ದೊಡ್ಡ ಬೂಟಿಂಗೆ ನುಗ್ಗಿ, ಪಾದ ಬೂಟಿಂದ ಜಾರಿ, ಕಾಲು ಮೇಗಂಗೆ ಎಳದತ್ತಡ. ಒಟ್ಟಿಂಗಿತ್ತಿದ್ದ ಜೆನ ಹಿಡುದ ಕಾರಣ ಬಚಾವು. 1840ರ ಕಾಲದವಕ್ಕೂ ಇದ್ದ ಹೆದರಿಕೆ, ಅದೇ ಕಾರಣ: ಅಳತೆ ಆಗದ್ದ ಅಂಗಿಯ ಖಾಲಿ ಜಾಗೆ.

ಹಾಂಗಾರೆ ಹೊಲಿಶುವಗ ನೋಡೆಕ್ಕಾದ್ದು ಎಂತರ? ಮದಾಲು ಒಳಾಣ ಉಡುಪು ಏವದು ಹೇಳಿ ತೀರ್ಮಾನ ಆಯೆಕ್ಕು. ಅಲ್ಯಾಣ ಚಳಿಗೆ ಬೇಕಾದ ದಪ್ಪದ್ದು. ಅಳತೆ ಬರಿ ಮೈದೋ, ಅದರ ಮೇಗಾಣದ್ದೋ ಹೇಳಿ ಹೊಲಿವವರ ಹತ್ರೆ ಕೇಳೆಕ್ಕು. ಎತ್ತರ, ಎದೆ, ಸೊಂಟ ಮಾಂತ್ರ ಸಾಲ. ಹೆಗಲಿಂದ ಕಾಲಸಂದಿಲಿ ಆಗಿ ಪುನಾ ಹೆಗಲಿಂಗೆ ಬಪ್ಪ ಸುತ್ತಳತೆ ಮುಖ್ಯ. ಅದು ಕಮ್ಮಿ ಆದರೆ ಬಗ್ಗುಲೆ ಎಡಿಯ. ಕೊರಳು, ಮುಂಗೈ, ಪಾದದ ಅಳತೆ ಬೇರೆ ಬೇರೆ. ಒಬ್ಬನೇ ತೆಗದರೆ ಟೇಪು ವಾಲುತ್ತು, ಇನ್ನೊಬ್ಬರ ಕೈಲಿ ತೆಗೆಶೆಕ್ಕು. ಸೂಟು ಕೈಗೆ ಬಂದಪ್ಪಗ, ಒಳಾಣ ಉಡುಪು ಸಮೇತ ಹಾಕಿ, ಕುಕ್ಕರುಗಾಲಿಲಿ ಕೂದು ನೋಡೆಕ್ಕು. ಎರಡೂ ಕೈಯ ಎದೆಗೆ ಅಡ್ಡ ಕಟ್ಟೆಕ್ಕು. ಬೆನ್ನಿಲಿಪ್ಪ ಸಿಲಿಂಡರಿನ ಗಾಳಿಯ ತಿರುಪಿಂಗೆ ಕೈ ಎತ್ತುತ್ತೋ ನೋಡೆಕ್ಕು. ಎತ್ತದ್ರೆ ಬಿಗಿ ಹೆಚ್ಚು. ಕಾಲಿಲಿ, ಬೂಟಿಲಿ ಬಟ್ಟೆ ಜೋತೊಂಡಿದ್ದರೆ ಸಡಿಲ ಹೆಚ್ಚು. ಎರಡೂ ಆಗ.

ಅಖೇರಿಗೆ ಕೊರಳಿನ ಪಟ್ಟಿ. ಹೆಚ್ಚಿನದ್ದೂ ಲ್ಯಾಟೆಕ್ಸ್, ನಮ್ಮ ಸುಳ್ಯ, ಬೆಳ್ತಂಗಡಿ ಹೊಡೆಲಿ ಮರ ಕೆರದು ತೆಗವ ರಬ್ಬರು ಹಾಲಿನ ಜಾತಿದು. ಬಿಗಿ ಆದರೆ ರಜ್ಜ ರಜ್ಜವೇ ಕತ್ತರುಸೆಕ್ಕು. ಒಂದರಿ ಹೆಚ್ಚು ಕತ್ತರುಸಿರೆ ಪುನಾ ಜೋಡುಸುಲೆ ಬತ್ತಿಲ್ಲೆ. ಬೆಶಿಲು, ಎಣ್ಣೆ ತಾಗಿರೆ ಅದು ಹಾಳು. ಸೂಟು ವರ್ಷಗಟ್ಲೆ ಬಂದರೂ ಪಟ್ಟಿಯ ಮಧ್ಯೆ ಮಧ್ಯೆ ಬದಲುಸೆಕ್ಕಾವ್ತು. ಹೊಸ ಸೂಟಿನ ಸುರೂ ಹಾಕಿಗೊಂಡು ಇಳಿವದು ಆಳಕ್ಕೆ ಅಲ್ಲ, ಕಲಿಶುವವು ಹತ್ರೆ ಇಪ್ಪ ಕಮ್ಮಿ ನೀರಿಂಗೆ. ಅಲ್ಲಿ ಬೇಕೂಳಿಯೇ ತಲೆ ಕೆಳ ಮಾಡಿ, ಕಾಲಿಂಗೆ ಹೋದ ಗಾಳಿಯ ಮೇಗೆ ತಪ್ಪಲೆ ಕಲಿಯೆಕ್ಕು. ಅಂಗಿ ಎಷ್ಟೇ ಸರೀ ಕೂದರೂ ಒಳಾಣ ಗಾಳಿಗೆ ಬುದ್ಧಿ ಇಲ್ಲೆ, ಅದು ಹಾಕಿದವಕ್ಕೇ ಬೇಕು.