ಕಲ್ಲಿನಲ್ಲಿ ಉಳಿದ ನಾಯಿ

ಸತ್ತ ಅರಸರಿಗೆ ಕಲ್ಲು ನೆಟ್ಟವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ನಾಯಿಯೊಂದಕ್ಕೆ ಕಲ್ಲು ನೆಟ್ಟು, ಅದರ ಹೆಸರು ಕೆತ್ತಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ ನಾಡು ಕನ್ನಡನಾಡು.

ಆ ಕಲ್ಲು ಸಿಕ್ಕಿದ್ದು ಮದ್ದೂರು ತಾಲೂಕಿನ ಆತಕೂರಿನಲ್ಲಿ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದ. ಬೂತುಗನು ತನ್ನ ಸೇವಕ ಮಣಲೆರನ ಶೌರ್ಯಕ್ಕೆ ಮೆಚ್ಚಿ ಬೇಕಾದ್ದನ್ನು ಕೇಳೆಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದ ಕಾಳಿ, ಅದನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ಆ ಕಾದಾಟದ ಚಿತ್ರವೇ ಇದೆ. ಈ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಇದೆ.

ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ದೂರದ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು ಎತ್ತರದ ಶಿಲುಬೆಗಳನ್ನು ಕಡೆಸುತ್ತಿದ್ದರು. ಮೊನಾಸ್ಟರ್‌ಬಾಯ್ಸ್ ಎಂಬಲ್ಲಿರುವ ಮುರೆಡಾಕ್‌ನ ಶಿಲುಬೆ ಸುಮಾರು 18 ಅಡಿ ಎತ್ತರ. ನಮ್ಮ ವೀರಗಲ್ಲುಗಳಂತೆ ಅದರಲ್ಲೂ ಚಿತ್ರಗಳು ಅಂಕಣ ಅಂಕಣವಾಗಿವೆ. ಆದಮ್ ಹವ್ವಾ, ಜಾಲೂತನನ್ನು ಎದುರಿಸುವ ದಾವೂದ್, ಬಂಡೆಗೆ ಕೋಲು ಬಡಿದು ನೀರು ತರಿಸುವ ಮೂಸಾ: ಕುರ್‌ಆನ್ ಓದುವವರಿಗೆ ಇವರಾರೂ ಅಪರಿಚಿತರಲ್ಲ. ಅಕ್ಷರ ಬಾರದವರಿಗೆ ಈ ಕಲ್ಲೇ ಗ್ರಂಥವಾಗಿತ್ತು. ಅದರ ಬುಡದಲ್ಲಿ ಎರಡು ಬೆಕ್ಕುಗಳಿವೆ. ಅಲ್ಲಿಯೇ, ಈ ಶಿಲುಬೆ ಮಾಡಿಸಿದ ಮುರೆಡಾಕ್‌ನಿಗಾಗಿ ಪ್ರಾರ್ಥಿಸಿರೆಂದು ದಾರಿಹೋಕರಲ್ಲಿ ಬಿನ್ನಹವಿದೆ. ಗೋರಿಯ ಬಳಿ ನಿಂತು ಫಾತಿಹಾ ಓದುವ ನಮಗೆ ಆ ಮಾತು ಅರ್ಥವಾಗಲು ಯಾವ ಪಂಡಿತನೂ ಬೇಕಿಲ್ಲ.

ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನು ಸೂರಾ ಕಹ್ಫ್ ಮರೆತಿಲ್ಲ. ಸಜ್ಜನರ ಜೊತೆ ನಡೆದದ್ದೇ ಅದರ ಯೋಗ್ಯತೆ. ಆತಕೂರಿನ ಕಾಳಿಯದೂ ನಿಷ್ಠೆಯ ಕಥೆಯೇ. ನಂಬಿಕೆಗಳು ಬೇರೆ, ಆರಾಧನೆ ಬೇರೆ. ಸತ್ತವರನ್ನು ಮರೆಯಬಾರದೆಂಬ ಕಳಕಳಿ ಒಂದೇ.

ನಿಡೋಣಿ, ಬಬಲೇಶ್ವರದ ಕಡೆಯಿಂದ ಗೋಲಗುಮ್ಮಟ ನೋಡಲು ಬರುವವರು ಅದರ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೂ ಹೋಗಬೇಕು. ಅರಬಿ, ಫಾರಸಿ, ಕನ್ನಡ ಶಾಸನಗಳು ಅಲ್ಲಿ ಒಂದೇ ಸೂರಿನಡಿ ಇವೆ, ಅವುಗಳಲ್ಲಿ ಜಗಳವಿಲ್ಲ. ಆದರೆ ಎಲ್ಲ ಕಲ್ಲುಗಳಿಗೂ ಸೂರು ಸಿಕ್ಕಿಲ್ಲ. ಎಷ್ಟೋ ಹಳ್ಳಿಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗಿದೆ, ಗೋಡೆಯೊಳಗೆ ಸೇರಿದೆ. ಇದು 'ಅವರ' ಕಲ್ಲು, ಇದು 'ಇವರ' ಕಲ್ಲು ಎಂದು ಸುಮ್ಮನಿದ್ದರೆ ಕಳೆದುಹೋಗುವುದು ನಮ್ಮೆಲ್ಲರ ನೆನಪು. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಋಣವನ್ನು ಮರೆಯದ ಊರಿನವರ ಮುಂದೆ, ಮನುಷ್ಯರ ಹೆಸರುಗಳನ್ನೇ ಅಳಿಸಲು ಬಿಡುವ ನಾವು ಏನೆಂದು ಉತ್ತರ ಕೊಡಬೇಕು?