ದಾದರಿನಲ್ಲಿ ರಾತ್ರಿ ರೈಲಿನವರೆಗೆ

ಪ್ರವಾಸದ ಕೊನೆಯ ದಿನ ಯಾರಿಗೂ ಬೇಡದ ದಿನ. ರೂಮು ಬೆಳಿಗ್ಗೆ ಹತ್ತಕ್ಕೆ ಖಾಲಿ ಮಾಡಬೇಕು, ರೈಲು ರಾತ್ರಿಗೆ. ಗೇಟ್‌ವೇ, ಎಲಿಫೆಂಟಾ, ಮ್ಯೂಸಿಯಂ ಎಲ್ಲ ಮುಗಿದಿದ್ದವು. ಹುಬ್ಬಳ್ಳಿಯ ಮೇಲೆ ಹೋಗುವ ಶರಾವತಿ, ಚಾಲುಕ್ಯ ಎಕ್ಸ್‌ಪ್ರೆಸ್‌ಗಳು ಹೊರಡುವುದು ದಾದರಿನಿಂದ. ಹಾಗಾಗಿ ನಮ್ಮಲ್ಲಿ ಬಹಳಷ್ಟು ಜನರಿಗೆ ದಾದರ್ ಎಂದರೆ ಒಂದು ಪ್ಲಾಟ್‌ಫಾರ್ಮು, ಅಷ್ಟೆ. ಮರಾಠಿಯಲ್ಲಿ ದಾದರ್ ಎಂದರೆ ಮೆಟ್ಟಿಲು; ಮೆಟ್ಟಿಲ ಮೇಲೆ ಯಾರು ತಾನೆ ಕೂತು ಊರು ನೋಡುತ್ತಾರೆ? ನಾವು ನಾಲ್ವರು, ಅವ್ವ, ಹೆಂಡತಿ, ಹದಿಮೂರರ ಮಗಳು ಮತ್ತು ನಾನು, ಲಾಡ್ಜಿನಲ್ಲೇ ಚೀಲಗಳನ್ನು ಬಿಟ್ಟು ಆ ಹಗಲನ್ನು ಅಲ್ಲೇ ಕಳೆದೆವು. ಕೋಟೆ ಕೊತ್ತಲಗಳಿಲ್ಲದ ಈ ಜಾಗದ ಚರಿತ್ರೆ ಒಂದೇ ಪ್ರಶ್ನೆಯ ಸುತ್ತ ಇದೆ ಎಂದು ನನಗನ್ನಿಸಿದ್ದು ಅಂದೇ: ಈ ಊರಲ್ಲಿ ಯಾರಿಗೆ ಮನೆ ಸಿಕ್ಕಿತು?

ಸ್ಟೇಷನ್ನಿನ ಪೂರ್ವಕ್ಕೆ ದಾದರ್ ಟಿ.ಟಿ. ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್. ಮುಂಬಯಿಯ ಕೊನೆಯ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಬೋರಿಬಂದರದಿಂದ ಇಲ್ಲಿಗೆ ಬಂದು ನಿಂತಿತು. ಹಳಿ ಹೋಗಿ ಅರವತ್ತು ವರ್ಷವಾದರೂ ಕಂಡಕ್ಟರ್ ಈಗಲೂ ‘ಟಿ.ಟಿ., ಟಿ.ಟಿ.’ ಎಂದೇ ಕೂಗುತ್ತಾನೆ.

ಇಲ್ಲಿಂದ ಮಾಟುಂಗದವರೆಗಿನ ನೇರ ರಸ್ತೆ, ಅಗಲವಾದ ಫುಟ್‌ಪಾತು, ಸಾಲುಮರ ತಾವಾಗಿ ಬೆಳೆದವಲ್ಲ. ಇವುಗಳ ಮೂಲ ಒಂದು ಕಾಯಿಲೆ. 1896ರ ಸೆಪ್ಟೆಂಬರಿನಲ್ಲಿ, ಬಂದರಿನ ಪಕ್ಕದ ಮಾಂಡ್ವಿಯಲ್ಲಿ, ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೇಗಾಸ್ ಮೊದಲ ಪ್ಲೇಗ್ ರೋಗಿಯನ್ನು ಗುರುತಿಸಿದರು. ಜನ ಲಕ್ಷಗಟ್ಟಲೆ ಊರು ಬಿಟ್ಟರು, ರೈಲು ಹತ್ತಿದರು, ಅವರ ಜೊತೆ ರೋಗವೂ ಹತ್ತಿತು. 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ ತತ್ತರಿಸಿದ್ದವು. ಹಾಫ್ಕಿನ್ ಎಂಬ ವಿಜ್ಞಾನಿ ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ತಯಾರಿಸಿದ್ದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಿದರು. ಇದನ್ನು ಹೇಳುತ್ತಿದ್ದಾಗ ಅವ್ವ, ‘ಹೌದೋ, ನಮ್ಮಜ್ಜಿ ಹೇಳತಿದ್ಲು, ಪ್ಲೇಗ್ ಬಂದಾಗ ಊರ ಬಿಟ್ಟು ಹೊಲದಾಗ ಗುಡಸಲ ಹಾಕ್ಕೊಂಡಿದ್ರಂತ’ ಎಂದಳು. ನಮ್ಮ ಕಡೆ ಪ್ಲೇಗಮ್ಮನ ಗುಡಿಗಳಿವೆ. ಮುಂಬಯಿಯಲ್ಲಿ ಪ್ಲೇಗಿನ ಗುರುತಾಗಿ ಬಡಾವಣೆಗಳಿವೆ.

ಸರ್ಕಾರ 1898ರ ಡಿಸೆಂಬರಿನಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಕೆಲಸ ಎರಡು: ಗಾಳಿ ಬೆಳಕಿಲ್ಲದ ಕೇರಿಗಳನ್ನು ಒಡೆದು ರಸ್ತೆ ಮಾಡುವುದು, ಉತ್ತರದ ಗದ್ದೆ, ತೋಟ, ಜೌಗನ್ನು ಕೊಂಡು ಹೊಸ ವಸತಿ ಕಟ್ಟುವುದು. ದಾದರ್-ಮಾಟುಂಗ, ಸಯನ್-ಮಾಟುಂಗ ಯೋಜನೆಗಳು ಹುಟ್ಟಿದ್ದು ಹೀಗೆ. ಒಡೆಯುವುದು ಬೇಗ ಆಯಿತು, ಕಟ್ಟುವುದು ತಡವಾಯಿತು. ಮೊದಲ ವರ್ಷಗಳಲ್ಲಿ ಟ್ರಸ್ಟ್ ಕಟ್ಟಿದ್ದಕ್ಕಿಂತ ಕೆಡವಿದ ಕೋಣೆಗಳೇ ಹೆಚ್ಚು. ಪ್ರಾಜೆಕ್ಟ್ ನಡೆಸುವವರಿಗೆ ಇದು ಹೊಸದೇನಲ್ಲ. ನೋಡಬೇಕಾದದ್ದು ಇನ್ನೊಂದು: ಮನೆ ಕಳಕೊಂಡವರು ಪೇಟೆಯ ಕೂಲಿಗಳು, ಸಣ್ಣ ಕಸುಬಿನವರು. ದಾದರಿನ ನಿವೇಶನಕ್ಕೆ ಬಂದವರು ಸಂಬಳದ ಗುಮಾಸ್ತರು, ವಕೀಲರು, ಮೇಷ್ಟರು.

ಅಂಬೇಡ್ಕರ್ ರಸ್ತೆ ದಾಟಿದರೆ ಪಾರ್ಸಿ ಕಾಲನಿ. ಟ್ರಸ್ಟಿನಲ್ಲೇ ಎಂಜಿನಿಯರಾಗಿದ್ದ ಮಂಚೇರ್ಜಿ ಜೋಶಿ ಎಂಬವರು ತಮ್ಮ ಸಮುದಾಯದ ಮಧ್ಯಮ ವರ್ಗದವರಿಗಾಗಿ 103 ನಿವೇಶನಗಳನ್ನು ಪಡೆದು, 1920ರ ದಶಕದಲ್ಲಿ ಕಟ್ಟಿಸಿದ ಬಡಾವಣೆ ಇದು. ಗೇಟಿಲ್ಲ, ಗೋಡೆಯಿಲ್ಲ. ಎರಡು ಮೂರು ಅಂತಸ್ತಿನ ಮನೆಗಳು, ಬಾಲ್ಕನಿಗಳಲ್ಲಿ ಹಿರಿಯರು, ರಸ್ತೆಯ ಮೇಲೆಲ್ಲ ನೆರಳು. ‘ಇದು ಮುಂಬೈ ಅಂದ್ರ ನಾ ನಂಬೂದಿಲ್ಲ’ ಎಂದು ಅವ್ವ ಫೈವ್ ಗಾರ್ಡನ್ಸ್‌ನ ಕಲ್ಲು ಬೆಂಚಿನ ಮೇಲೆ ಕೂತವಳು ಒಂದು ತಾಸು ಏಳಲಿಲ್ಲ.

ಮಗಳು ಕೇಳಿದಳು, ‘ಅಪ್ಪ, ಪಾರ್ಸಿ ಕಾಲನಿ, ಹಿಂದೂ ಕಾಲನಿ ಅಂತ ಯಾಕೆ? ಮನೆಗೆ ಧರ್ಮ ಇರುತ್ತಾ?’ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ಯಾವ ಜನ?’ ಎಂದು ಕೇಳಿಸಿಕೊಂಡವರು ಈ ಓದುಗರಲ್ಲೂ ಇದ್ದೀರಿ. ಪ್ಲೇಗ್ ನಂತರದ ಮುಂಬಯಿ ಆ ಪ್ರಶ್ನೆಯನ್ನು ನಕ್ಷೆಗೇ ಇಳಿಸಿತು. ಅದರಿಂದ ಒಳ್ಳೆಯದಾಗಲಿಲ್ಲವೆಂದಲ್ಲ, ಇಷ್ಟು ಮರಗಳು ಉಳಿದದ್ದು ಕಾಲನಿಯವರ ಒಗ್ಗಟ್ಟಿನಿಂದಲೇ. ಆದರೆ ಒಗ್ಗಟ್ಟು ಯಾರನ್ನು ಒಳಗೆ ಬಿಡಲಿಲ್ಲ ಎಂಬುದನ್ನೂ ಕೇಳಬೇಕು.

ಈ ಕಾಲನಿಯ ದಕ್ಷಿಣಕ್ಕೇ ನಾಯಗಾಂವ್. ಅಲ್ಲಿ 1920ರ ದಶಕದಲ್ಲೇ ಸರ್ಕಾರದ ಇನ್ನೊಂದು ಇಲಾಖೆ ಗಿರಣಿ ಕಾರ್ಮಿಕರಿಗಾಗಿ 42 ಬಿ.ಡಿ.ಡಿ. ಚಾಳುಗಳನ್ನು ಕಟ್ಟಿತು. ಕುಟುಂಬಕ್ಕೆ 160 ಚದರಡಿಯ ಒಂದು ಕೋಣೆ, ಶೌಚಾಲಯ ಎಲ್ಲರಿಗೂ ಸೇರಿ. ಅವನ್ನೀಗ ಕೆಡವಿ, ಅಷ್ಟೇ ಜನಕ್ಕೆ 500 ಚದರಡಿಯ ಫ್ಲ್ಯಾಟುಗಳ ಗೋಪುರಗಳನ್ನು ಎಬ್ಬಿಸುತ್ತಿದ್ದಾರೆ. ನೂರು ವರ್ಷ ಬೇಕಾಯಿತು.

ಊಟಕ್ಕೆ ಮಾಟುಂಗ. ಅದೇ ಟ್ರಸ್ಟಿನ ನೆಲ. ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ರೈಲು ಹತ್ತಿದ ದಕ್ಷಿಣದವರು ನೆಲೆಯೂರಿದ ಜಾಗ. ಊರಲ್ಲಿ ಜಾತಿ, ಉಪಜಾತಿ ಲೆಕ್ಕ ಹಾಕುತ್ತಿದ್ದವರೆಲ್ಲ ಇಲ್ಲಿ ಒಟ್ಟಾರೆ ‘ಮದ್ರಾಸಿ’ಗಳಾದರು. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇಲ್ಲಿದೆ. 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಬಾಳೆಲೆಯ ಮೇಲೆ ಬಿಸಿ ಸಾರು ಬಿದ್ದಾಗ ನನ್ನ ಹೆಂಡತಿ, ‘ಐದು ದಿನದಲ್ಲಿ ಮೊದಲನೇ ಊಟ’ ಎಂದಳು. ಬಡಿಸುವವರು ಕನ್ನಡದಲ್ಲೇ ಮಾತಾಡಿಸಿದರು.

ತಿರುಗಿ ಬರುವಾಗ ಹಿಂದೂ ಕಾಲನಿಯ ಓಣಿಯೊಂದರಲ್ಲಿ ರಾಜಗೃಹ. ನಾನು ಆ ದಿನ ನೋಡಬೇಕೆಂದಿದ್ದದ್ದು ಇದೊಂದನ್ನೇ.

ಅಂಬೇಡ್ಕರರ ಮುಂಬಯಿ ವಿಳಾಸಗಳನ್ನು ಸಾಲಾಗಿ ಇಟ್ಟರೆ ಟ್ರಸ್ಟಿನ ಚರಿತ್ರೆಯೇ ಎದ್ದು ನಿಲ್ಲುತ್ತದೆ. ಸುಮಾರು ಇಪ್ಪತ್ತು ವರ್ಷ ಅವರ ಕುಟುಂಬವಿದ್ದದ್ದು ಪರೇಲಿನ ಬಿ.ಐ.ಟಿ. ಚಾಳಿನ ಎರಡು ಕೋಣೆಗಳಲ್ಲಿ. ಬಿ.ಐ.ಟಿ. ಎಂದರೆ ಇದೇ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್. ಕೊಲಂಬಿಯಾದಲ್ಲಿ ಓದಿ ಬಂದದ್ದು ಆ ಕೋಣೆಗೆ, ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದದ್ದೂ ಆ ಕೋಣೆಗೆ. 1930ರ ದಶಕದ ಮೊದಲಲ್ಲಿ ಅವರು ಟ್ರಸ್ಟ್ ರೂಪಿಸಿದ ಈ ಮಧ್ಯಮ ವರ್ಗದ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಮುಖ್ಯ ಕಾರಣ ಪುಸ್ತಕ. ಅವಕ್ಕೆ ಚಾಳಿನಲ್ಲಿ ಜಾಗವಿರಲಿಲ್ಲ. ಹೆಸರಿಟ್ಟದ್ದು ಪ್ರಾಚೀನ ಮಗಧದ ರಾಜಧಾನಿಯದು. ರಮಾಬಾಯಿಯವರಿಗೆ ಮಾತ್ರ ಅಲ್ಲಿ ಬಾಳುವ ಯೋಗ ಹೆಚ್ಚು ಕಾಲ ಇರಲಿಲ್ಲ, 1935ರ ಮೇ 27ರಂದು ತೀರಿಕೊಂಡರು.

ಈ ಮನೆಯ ಎದುರು ನಿಂತಾಗ ಅವರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದ 1917ರ ಬರೋಡೆಯ ಸಂಗತಿ ನೆನಪಾಗದೆ ಇರದು. ಮಹಾರಾಜರ ಕೆಲಸಕ್ಕೆಂದು ಹೋದ ಅವರಿಗೆ ಇಡೀ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಗೊತ್ತಾಗಿ, ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಸ್ನೇಹಿತರ ಮನೆಗಳೂ ತೆರೆಯಲಿಲ್ಲ. ಮುಂಬಯಿ ರೈಲು ರಾತ್ರಿಗೆ. ಅಲ್ಲಿಯವರೆಗೆ ಎಲ್ಲಿರುವುದು? ಕಾಮಾಠಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದರು. ರೂಮು ಖಾಲಿ ಮಾಡಿ ರಾತ್ರಿ ರೈಲಿಗೆ ಕಾಯುವುದು ಎಂದರೆ ನಮಗೆ ಬೇಸರ, ಸ್ವಲ್ಪ ಕಾಲುನೋವು. ಹದಿನೈದು ಚಿಲ್ಲರೆ ವರ್ಷಗಳ ಮೇಲೆ ಅದೇ ಮನುಷ್ಯ ಪಾರ್ಸಿ ಕಾಲನಿಗೆ ಕೆಲವೇ ನಿಮಿಷದ ನಡಿಗೆಯಲ್ಲಿ, ಹಿಂದೂ ಎಂಬ ಹೆಸರಿನ ಕಾಲನಿಯ ಒಳಗೆ, ತನ್ನದೇ ಮನೆ ಎಬ್ಬಿಸಿದರು. ಅದು ಬರೀ ಮನೆಯಾಗಿರಲು ಸಾಧ್ಯವಿಲ್ಲ. ನೆಲಮಹಡಿಯಲ್ಲಿ ಈಗ ಅವರ ವಸ್ತುಗಳನ್ನಿಟ್ಟಿದ್ದಾರೆ. ಪುಸ್ತಕಗಳಲ್ಲಿ ದೊಡ್ಡ ಪಾಲು ಅವರೇ 1946ರಲ್ಲಿ ಶುರು ಮಾಡಿದ ಸಿದ್ಧಾರ್ಥ ಕಾಲೇಜಿಗೆ ಹೋಯಿತು.

ತಿಲಕ್ ಸೇತುವೆ ದಾಟಿ ಪಶ್ಚಿಮಕ್ಕೆ ಇಳಿದರೆ ಬೇರೆಯೇ ದಾದರ್: ಹೂವಿನ ಮಾರುಕಟ್ಟೆ, ಸೀರೆ ಅಂಗಡಿ, ನೂಕುನುಗ್ಗಲು. ಸಂಜೆ ಶಿವಾಜಿ ಪಾರ್ಕ್. 1925ರಲ್ಲಿ ಜನರಿಗೆ ತೆರೆದಾಗ ಮಾಹಿಮ್ ಪಾರ್ಕ್ ಆಗಿತ್ತು. ಅವಂತಿಕಾಬಾಯಿ ಗೋಖಲೆಯವರ ಒತ್ತಾಯದಿಂದ 1927ರಲ್ಲಿ ಹೆಸರು ಬದಲಾಯಿತು. ಒಂದೇ ಮೈದಾನದಲ್ಲಿ ಎಷ್ಟು ಕ್ರಿಕೆಟ್ ಪಂದ್ಯ ನಡೆಯುತ್ತಿದೆ ಎಂದು ಮಗಳು ಎಣಿಸಲು ಹೋಗಿ ಕೈಬಿಟ್ಟಳು.

ಪಾರ್ಕಿನ ಆಚೆ ಸಮುದ್ರ, ಸಮುದ್ರದ ಅಂಚಿಗೆ ಚೈತ್ಯಭೂಮಿ. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡ ಅಂಬೇಡ್ಕರರನ್ನು ಆ ರಾತ್ರಿ ವಿಮಾನದಲ್ಲಿ ತಂದು ರಾಜಗೃಹದಲ್ಲಿ ಇರಿಸಿದರು. ಮರುದಿನದ ಮೆರವಣಿಗೆ, ಸೇತುವೆ ದಾಟಿ ನೇರ ಬರಬಹುದಾಗಿದ್ದದ್ದು, ದಕ್ಷಿಣಕ್ಕೆ ತಿರುಗಿತು. ಪರೇಲಿನ ಪೋಯಿಬಾವಡಿ, ಎಲ್ಫಿನ್‌ಸ್ಟನ್ ಸೇತುವೆ, ಸಯಾನಿ ರಸ್ತೆ, ಗೋಖಲೆ ರಸ್ತೆ: ಗಿರಣಿ ಮತ್ತು ಚಾಳುಗಳ ಊರನ್ನು ಸುತ್ತಿಕೊಂಡು ದಡಕ್ಕೆ ಬಂತು. ಹೊರಟದ್ದು ಟ್ರಸ್ಟಿನ ವಿನ್ಸೆಂಟ್ ರಸ್ತೆಯಲ್ಲಿ. ನಾವು ಬೆಳಿಗ್ಗೆ ದಾಟಿದ ಅಂಬೇಡ್ಕರ್ ರಸ್ತೆ ಅದೇ. ಸ್ತೂಪ ತೆರೆದದ್ದು 1971ರ ಡಿಸೆಂಬರ್ 5ರಂದು, ಅವರ ಸೊಸೆ ಮೀರಾತಾಯಿಯವರ ಕೈಯಿಂದ. ಪ್ರತಿ ಡಿಸೆಂಬರಿನಲ್ಲಿ ಇಲ್ಲಿಗೆ ಲಕ್ಷಾಂತರ ಜನ ಬರುತ್ತಾರೆ, ಮನೆಯಿಲ್ಲದೆ ಶಿವಾಜಿ ಪಾರ್ಕಿನಲ್ಲೇ ರಾತ್ರಿ ಕಳೆಯುತ್ತಾರೆ, ಹೋಗುವಾಗ ಪುಸ್ತಕ ಕೊಂಡು ಹೋಗುತ್ತಾರೆ.

ಹೊರಗೆ ಪುಸ್ತಕದ ಅಂಗಡಿಯವನನ್ನು ಅವ್ವ ತನಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ, ಕನ್ನಡದ್ದು ಇದೆಯೇ ಎಂದು ಕೇಳಿದಳು. ಮರಾಠಿ, ಹಿಂದಿ, ಇಂಗ್ಲಿಷ್ ಇತ್ತು. ಕನ್ನಡದ್ದು ಬೇಕಾದರೆ ಡಿಸೆಂಬರಿನಲ್ಲಿ ಬನ್ನಿ ಅಜ್ಜಿ, ಗುಲ್ಬರ್ಗಾದವರು ತಾವೇ ಹೊತ್ತು ತರುತ್ತಾರೆ ಎಂದ.